ಅಣ್ಣ ಮುದ್ದೆ ಉಂಡ ತಿಂಗಳುಗಳು

ನಮ್ಮಣ್ಣ ಭಾರತೀನಗರದ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಲದಲ್ಲಿ ರಕ್ತ ಕಂಡಾಗ ಎಲ್ಲರೂ ಉಷ್ಣ ಅಂದರು. ನಮ್ಮ ಕಡೆ ತಲೆನೋವಿನಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲಕ್ಕೂ ಉಷ್ಣವೇ ಕಾರಣ. ಎಳನೀರು ಕುಡಿದ, ನೆತ್ತಿಗೆ ಹರಳೆಣ್ಣೆ ಇಟ್ಟ. ಕೊನೆಗೆ ಮಂಡ್ಯದಲ್ಲಿ ಕ್ಯಾಮೆರಾ ಕೊಳವೆ ಬಿಟ್ಟು ನೋಡಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್ ಅಂದರು.

ಯಾಕೆ ಬಂತು ಅಂತ ಅತ್ತಿಗೆ ಕೇಳಿದಳು. ಇಂಥದ್ದೇ ಅಂತ ಒಂದನ್ನು ತೋರಿಸಲಾಗುವುದಿಲ್ಲ. ವಯಸ್ಸು, ಬೀಡಿ, ಕುಡಿತ, ವಂಶ ಎಲ್ಲ ಸೇರಿರುತ್ತದೆ ಅಂದರು ಡಾಕ್ಟರು. ಒಡಹುಟ್ಟಿದ ನನಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. ಅತ್ತಿಗೆ ಬೀಡಿಯೊಂದನ್ನೇ ಹಿಡಿದುಕೊಂಡು ದಾರಿಯುದ್ದಕ್ಕೂ ಅಣ್ಣನಿಗೆ ಬೈದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಕೀಮೋ ಡ್ರಿಪ್ಪು. ಅದನ್ನು ಪೂರ್ತಿ ಹಾಕಿಸಿಕೊಂಡರೆ ಕಾಯಿಲೆ ಮರಳಿ ಬರುವುದು ಕಡಿಮೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ಹಾಕಿಸಿಕೊಂಡು ಬಂದರೆ ಬರೀ ವಾಂತಿ. ಒಗ್ಗರಣೆ ವಾಸನೆಗೇ ಅಣ್ಣ ಎದ್ದು ಹೋಗುತ್ತಿದ್ದ. ನಮ್ಮಲ್ಲಿ ಮುದ್ದೆ ಉಣ್ಣದ ಗಂಡಸು ಅರ್ಧ ಹೋದವನೇ ಲೆಕ್ಕ. ತಟ್ಟೆಯಲ್ಲಿ ಮುದ್ದೆ ಹಾಗೇ ಆರಿಹೋಗುವುದನ್ನು ನೋಡಿ ಅತ್ತಿಗೆ ಅಳುತ್ತಿದ್ದಳು.

ಮದ್ದೂರಿನಲ್ಲಿ ಚೀನಾ ಪದ್ಧತಿಯಲ್ಲಿ ಸೂಜಿ ಚುಚ್ಚುವವರೊಬ್ಬರಿದ್ದಾರೆಂದು ಯಾರೋ ಹೇಳಿದರು. ನಾನೇ ಮಳವಳ್ಳಿಯ ಗಂಡನ ಮನೆಯಿಂದ ಬಂದು ಅಣ್ಣನನ್ನು ಕರೆದುಕೊಂಡು ಹೋದೆ. ಅವರು ಮಣಿಕಟ್ಟಿನ ಹತ್ತಿರ, ಮೊಣಕಾಲ ಕೆಳಗೆ ಕೂದಲೆಳೆಯಂಥ ಸೂಜಿ ಚುಚ್ಚಿದರು. ಇದು ವಾಂತಿಗೆ ಮಾತ್ರ, ಕ್ಯಾನ್ಸರಿಗಲ್ಲ ಅಂತಲೂ ಹೇಳಿದರು. ಕೇಳಿಸಿಕೊಂಡವರು ಯಾರು? ನಾಲ್ಕಾರು ಸಲ ಹೋಗಿ ಬರುವಷ್ಟರಲ್ಲಿ ಅಣ್ಣ ಮುದ್ದೆ ಮುರಿದು ಉಪ್ಸಾರಿಗೆ ಅದ್ದಿದ. ಅತ್ತಿಗೆ ಬೀದಿಗೆಲ್ಲ ಹೇಳಿಕೊಂಡು ಬಂದಳು.

"ಇನ್ನ ಆ ಡ್ರಿಪ್ಪಿಗೆ ಓಗಲ್ಲ ಕಣವ್ವ. ಸೂಜೀಲೇ ವಾಸಿ ಆಯ್ತಾ ಅದೆ," ಅಂದ ಅಣ್ಣ.

"ಡಾಕ್ಟರಿಗೆ ಒಂದು ಮಾತು ಯೋಳಣ ಕಣಣ್ಣ," ಅಂದೆ.

"ಸೂಜಿ ಅಂದ್ರೆ ಉಗೀತಾರೆ, ಸುಮ್ಕಿರು."

ಅವನು ಡ್ರಿಪ್ಪು ಬಿಟ್ಟ, ನಾವು ಡಾಕ್ಟರಿಗೆ ತಿಳಿಸಲಿಲ್ಲ. ಅವನು ಉಣ್ಣುತ್ತಿದ್ದನಲ್ಲ, ಅದೇ ನಮಗೆ ಸಾಕಾಗಿತ್ತು. ನನ್ನ ಬಾಯಿಗೆ ಊರೇ ಹೆದರುತ್ತದೆ. ಅವತ್ತು ಆ ಬಾಯಿಗೆ ಏನು ಬಡಿದಿತ್ತೋ.

ಮುಂದಿನ ಕಬ್ಬಿನ ಸೀಜನ್ನಿನಲ್ಲಿ ಅವನ ಕಣ್ಣು ಹಳದಿಯಾಯಿತು. ಮಂಡ್ಯಕ್ಕೆ ಓಡಿದೆವು. ಕಾಯಿಲೆ ಲಿವರಿನ ತುಂಬ ಹಬ್ಬಿತ್ತು.

"ಇಷ್ಟು ದಿನ ಯಾಕ್ರೀ ಬರಲಿಲ್ಲ?" ಅಂದರು ಡಾಕ್ಟರು.

"ಉಣ್ತಿದ್ನಲ್ಲ ಸಾ," ಅಂದ ಅಣ್ಣ.

ಆಗ ನಾನು ಸೂಜಿಯ ವಿಷಯ ಬಾಯಿಬಿಟ್ಟೆ. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ.

"ವಾಂತಿಗೆ ಸೂಜಿ ಹಾಕಿಸ್ಕೊಳೋಕೆ ನಂದೇನೂ ಅಡ್ಡಿ ಇರಲಿಲ್ಲ. ಅದನ್ನೂ ಮಾಡಿಸ್ಕೊಂಡು ಡ್ರಿಪ್ಪಿಗೂ ಬರಬಹುದಿತ್ತಲ್ಲಮ್ಮ."

ಅತ್ತಿಗೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಅಂಗಾರೆ ಇವತ್ತಿಂದ ಎಲ್ಡೂ ಮಾಡ್ಸಣ ಸಾ. ನಾನೇ ಕರ್ಕಂಡು ಬತ್ತೀನಿ," ಅಂದಳು.

ಡಾಕ್ಟರು ನನ್ನ ಮುಖ ನೋಡಿದರು. ಎರಡರಿಂದಲೂ ವಾಸಿಯಾಗುವ ಕಾಲ ಮೀರಿತೆಂದು ಅವಳಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.