ನಾಬಿನ ಮೇಲಿನ ಕುಂಕುಮ

ನಮ್ಮ ಭಾವ ಇನ್ಶೂರೆನ್ಸ್ ಕಂಪನಿಯಿಂದ ರಿಟೈರ್ ಆದ ಮೇಲೆ ಪೇಪರ್ ಓದಿಕೊಂಡು, ವಾಕಿಂಗ್ ಹೋಗಿಕೊಂಡು ಮರ್ಯಾದೆಯಾಗಿ ಇರಬಹುದಿತ್ತು. ಅದು ಬಿಟ್ಟು ಸ್ಟುಡಿಯೋ ಮಾಡಿದರು. ಮದ್ರಾಸಿನ ಕೋಡಂಬಾಕ್ಕಂನಲ್ಲಿ ಫ್ಲ್ಯಾಟ್ ಇದೆ ಎಂಬುದೊಂದೇ ಅದಕ್ಕೆ ಅರ್ಹತೆ. ಒಂದು ಕಾಲಕ್ಕೆ ಇಲ್ಲಿ ಕನ್ನಡ ಸಿನಿಮಾಗಳೂ ತಯಾರಾಗುತ್ತಿದ್ದವು, ಈ ನೆಲದಲ್ಲೇ ಸಂಗೀತ ಇದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಆ ನೆಲದ ಮೇಲೆ ಈಗ ಇರುವುದು ಒಂದು ಮೊಬೈಲ್ ಅಂಗಡಿ, ಒಂದು ಬಿರಿಯಾನಿ ಹೋಟೆಲು.

ಅಕ್ಕನ ಮಗಳು ಓದುತ್ತಿದ್ದ ಕೋಣೆಯೇ ಸ್ಟುಡಿಯೋ. ಗೋಡೆಗೆಲ್ಲ ಪುರಸೈವಾಕ್ಕಂನಿಂದ ತಂದ ದಪ್ಪ ಪರದೆ. ನಡುವೆ ದೇವರ ಮನೆಯ ಮಣೆ, ಅದರ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತ ಕನ್ವರ್ಟರು. ಟೇಪಿನಿಂದಲೋ ಮೈಕಿನಿಂದಲೋ ಬರುವ ದನಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಅಂಕಿಗಳಾಗಿ ಮಾಡಿಕೊಡುವ ಪೆಟ್ಟಿಗೆ ಅದು, ಅಷ್ಟೇ. ಭಾವನ ಬಾಯಲ್ಲಿ ಮಾತ್ರ ಅದು ಪೆಟ್ಟಿಗೆಯಲ್ಲ. ಅದಕ್ಕೆ ರಸಿಕತೆ ಇದೆಯಂತೆ. ಒಳ್ಳೆಯ ಹಾಡು ಬಂದರೆ ಅದರ ಮೈ ಬೆಚ್ಚಗಾಗುತ್ತದಂತೆ. ಕರೆಂಟು ಹಾಕಿಟ್ಟರೆ ಇಸ್ತ್ರಿ ಪೆಟ್ಟಿಗೆಯೂ ಬೆಚ್ಚಗಾಗುತ್ತದೆ.

ನಾನು ಈ ಊರಿನ ಡಬ್ಬಿಂಗ್ ಥಿಯೇಟರುಗಳಲ್ಲಿ ದನಿ ಹಿಡಿದೇ ಹೊಟ್ಟೆ ಹೊರೆದವಳು. ಈಗಲೂ ಅದೇ ಕೆಲಸ. ಭಾವನಿಗೆ ಅದು ಗೊತ್ತು. ಆದರೆ ನಾದಿನಿ ಎಂದರೆ ಅವರ ಲೆಕ್ಕದಲ್ಲಿ ಹಬ್ಬಕ್ಕೆ ಬಂದು ಹೋಳಿಗೆ ತಟ್ಟಬೇಕಾದವಳು. ‘ನಿಂದು ಬಟನ್ ಒತ್ತೋ ಕೆಲಸ ಅಮ್ಮಾ, ಇದು ಬೇರೆ’ ಎನ್ನುತ್ತಿದ್ದರು. ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದೊಡ್ಡಮ್ಮನ ಟೇಪು ಬಾರದಿದ್ದರೆ ಆ ಕೋಣೆಗೆ ಕಾಲೂ ಇಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮದುವೆ ಹೆಣ್ಣನ್ನು ಹಸೆಗೆ ಕರೆಯುವ ಒಂದು ಹಾಡಿದೆ. ಮುತ್ತಜ್ಜಿ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಮನೆ ಹೆಂಗಸರ ಬಾಯಿ ದಾಟಿ ಆಚೆ ಹೋಗಿಲ್ಲ. ಅದನ್ನು ಮನೆಯ ಹಿರಿಯಳೇ ಹಾಡಬೇಕು, ಎತ್ತಿಕೊಂಡರೆ ಕೊನೆಯ ನುಡಿಯವರೆಗೂ ಹಾಡಿ ಮುಗಿಸಬೇಕು. ನಡುವೆ ನಿಂತರೆ ಶುಭವಲ್ಲ. ಈಗ ಹಿರಿಯಳು ಎಂದರೆ ನನ್ನ ಅಮ್ಮ, ನನ್ನ ಜೊತೆಯಲ್ಲೇ ಇರುತ್ತಾಳೆ. ಅವಳಿಗೆ ಮರೆವು ಶುರುವಾಗಿದೆ. ಕುಡಿದ ಕಾಪಿಯನ್ನು ಕುಡಿದೆನಾ ಎಂದು ಕೇಳುತ್ತಾಳೆ. ಹಾಡೆಲ್ಲ ನೆನಪಿದೆ, ಕೊನೆಯ ನುಡಿ ಮಾತ್ರ ಹೋಗಿದೆ. ಅಕ್ಕನ ಮಗಳ ಮದುವೆ ಗೊತ್ತಾದಾಗ ಅಮ್ಮ ಖಡಾಖಂಡಿತ ಹೇಳಿಬಿಟ್ಟಳು: ‘ಕೊನೆ ನುಡಿ ಸಿಕ್ರೆ ಹಾಡ್ತೀನಿ. ಇಲ್ಲಾಂದ್ರೆ ಬಾಯೇ ತೆಗ್ಯಲ್ಲ.’ ಹಾಗೆ ಹೇಳಿ ಅಡುಗೆ ಮನೆಯಲ್ಲಿ ಹೋಗಿ ಅತ್ತಳು. ಮಗಳ ಮಗಳನ್ನು ಹಾಡಿ ಹಸೆಗೆ ಕರೆಯಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ಆಗ ನನಗೆ ಗೊತ್ತಾಯಿತು.

ಆ ಹಾಡು ಇನ್ನೊಂದು ಕಡೆ ಇತ್ತು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಸಮುದ್ರದ ದಂಡೆಯ ತಿರುವೊಟ್ಟಿಯೂರಿನಲ್ಲಿ ಇದ್ದಾಗ ರೈಲ್ವೆಯಲ್ಲಿದ್ದ ದೊಡ್ಡಪ್ಪ ಒಂದು ಸ್ಪೂಲ್ ಟೇಪಿನಲ್ಲಿ ಅವಳ ಹಾಡನ್ನು ಹಿಡಿದಿಟ್ಟಿದ್ದರು. ಇಬ್ಬರೂ ಹೋದ ಮೇಲೆ ಆ ಟೇಪು ನಮ್ಮ ಮನೆಯ ಅಟ್ಟ ಸೇರಿತ್ತು. ತೆಗೆದು ನೋಡಿದೆ. ಸಮುದ್ರದ ಗಾಳಿ ಕುಡಿದು ಅಂಟಂಟಾಗಿತ್ತು, ಮುಟ್ಟಿದ ಬೆರಳಿಗೆ ಕಂದು ಪುಡಿ ಮೆತ್ತಿಕೊಂಡಿತು. ದನಿ ಇರುವುದೇ ಆ ಪುಡಿಯಲ್ಲಿ. ಹಾಕಿದರೆ ಒಂದೇ ಸಲ ಓಡೀತು, ಆಮೇಲೆ ಅದು ಬರೀ ಪ್ಲಾಸ್ಟಿಕ್ ಪಟ್ಟಿ. ಸ್ಪೂಲ್ ಓಡಿಸುವ ಮೆಷಿನ್ನು ನನಗೆ ಗೊತ್ತಿದ್ದವರಲ್ಲಿ ಯಾರ ಹತ್ತಿರವೂ ಉಳಿದಿರಲಿಲ್ಲ. ಭಾವನ ಹತ್ತಿರ ಇತ್ತು. ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ತಂದು ಶೋಕೇಸಿನಲ್ಲಿ ಇಟ್ಟಿದ್ದರು. ಹೀಗಾಗಿ ಅವರ ಕಾಲು ಹಿಡಿಯಬೇಕಾಯಿತು.

ಅಮ್ಮನನ್ನು ಕರೆದುಕೊಂಡು ಹೋದ ದಿನ ಬಾಗಿಲಲ್ಲೇ ಮೊದಲನೇ ಕಟ್ಟಳೆ. ಮೊಬೈಲ್ ಒಳಗೆ ತರಕೂಡದು, ಕನ್ವರ್ಟರಿಗೆ ಆಗುವುದಿಲ್ಲ. ‘ಫ್ಲೈಟ್ ಮೋಡ್‌ನಲ್ಲಿ ಇಟ್ರೆ ಸಾಕು ಭಾವ’ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನದು, ಅಕ್ಕನದು, ತಮ್ಮದು ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಕ್ಕೆ ಹಾಕಿ ಅಡುಗೆ ಮನೆಯ ಶೆಲ್ಫಿನ ಮೇಲಿಟ್ಟರು.

ಒಳಗೆ ಹೋದರೆ ಸ್ಪೀಕರಿನಲ್ಲಿ ಗುಂಯ್ ಎಂದು ಒಂದೇ ಸಮನೆ ಸದ್ದು. ಇದೇನು ಎಂದು ಕೇಳಿದೆ. ‘ಅದು ಮೆಷಿನ್ನಿನ ಉಸಿರು. ಕೊಂಜ ಪೊರುಮೆ, ಸ್ವಲ್ಪ ತಾಳ್ಮೆ ಬೇಕು, ತಾನಾಗೇ ಸೆಟ್ ಆಗತ್ತೆ’ ಎಂದರು. ಟೇಪ್ ಮೆಷಿನ್ನಿನ ಪ್ಲಗ್ಗು ಒಂದು ಗೋಡೆಯಲ್ಲಿ, ಕನ್ವರ್ಟರಿನದು ಇನ್ನೊಂದು ಗೋಡೆಯಲ್ಲಿ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ, ಉಸಿರು ನಿಂತಿತು. ‘ಹೇಳ್ಲಿಲ್ವಾ, ಸೆಟ್ ಆಯ್ತು’ ಎಂದರು ಭಾವ. ಇಂಥವರ ಜೊತೆ ವಾದ ಮಾಡುವುದಕ್ಕಿಂತ ಗೋಡೆಯ ಜೊತೆ ಮಾಡುವುದು ಮೇಲು, ಗೋಡೆ ಎದುರು ಮಾತಾಡುವುದಿಲ್ಲ.

ನಿಜವಾದ ಗಂಡಾಂತರ ಬೇರೆ ಇತ್ತು. ಕನ್ವರ್ಟರಿನ ಮುಂದೆ ದನಿಯನ್ನು ಏರಿಸಿ ಇಳಿಸುವ ಒಂದು ನಾಬ್ ಇದೆ. ಆಯುಧಪೂಜೆಯ ದಿನ ಭಾವ ಪೆಟ್ಟಿಗೆಗೆ ಗಂಧ ಹಚ್ಚಿ, ಹೂವು ಮುಡಿಸಿ, ಆ ನಾಬ್ ಎಲ್ಲಿಗೆ ತಿರುಗಬೇಕೋ ಅಲ್ಲಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅವತ್ತಿನಿಂದ ಯಾವ ಹಾಡು ಬರಲಿ, ಯಾರೇ ಬರಲಿ, ನಾಬಿನ ಗೆರೆ ಬೊಟ್ಟಿಗೆ ಸೇರಬೇಕು. ಬೊಟ್ಟು ಇದ್ದದ್ದು ಕೆಂಪು ದೀಪ ಮಿನುಗುವಷ್ಟು ಮೇಲೆ. ಹಳೆಯ ರೆಕಾರ್ಡಿಸ್ಟ್ ಒಬ್ಬರು ಮೀಟರಿನ ಮುಳ್ಳು ಕೆಂಪು ಮುಟ್ಟಿದರೇ ದನಿಗೆ ಜೀವ ಎಂದು ಯಾವಾಗಲೋ ಹೇಳಿದ್ದರಂತೆ. ಹೇಳಿದವರು ಟೇಪಿನ ಕಾಲದವರು. ಟೇಪು ಕೆಂಪನ್ನು ತಡೆದುಕೊಳ್ಳುತ್ತಿತ್ತು, ದನಿ ಒಂದಿಷ್ಟು ದಪ್ಪವಾಗುತ್ತಿತ್ತು. ಈ ಪೆಟ್ಟಿಗೆ ತಡೆದುಕೊಳ್ಳುವುದಿಲ್ಲ. ಮೇಲೆ ಹೋದ ದನಿಯನ್ನು ಕತ್ತರಿಸಿ ಬಿಸಾಡುತ್ತದೆ. ಕತ್ತರಿಸಿದ್ದು ಕತ್ತರಿಸಿದ್ದೇ, ದೇವರು ಬಂದರೂ ಜೋಡಿಸಲಾಗದು.

ದೊಡ್ಡಮ್ಮನದು ಬೀದಿ ಕೊನೆಗೆ ಕೇಳುವ ಗಂಟಲು. ಎಲ್ಲಿ ದನಿ ಎತ್ತುತ್ತಾಳೋ ಎಂದು ಮೊದಲೇ ತಿಳಿಯಲು ಟೇಪನ್ನು ಓಡಿಸಿ ನೋಡುವಂತಿಲ್ಲ. ಹಾಗಿದ್ದ ಮೇಲೆ ನಾಬನ್ನು ತೀರ ಕೆಳಗೆ ಇಟ್ಟುಕೊಳ್ಳಬೇಕು. ಇದನ್ನೆಲ್ಲ ಮೆತ್ತಗೆ ಬಿಡಿಸಿ ಹೇಳಿ ನಾಬ್ ಇಳಿಸಿದೆ. ಭಾವ ಕೈ ಚಾಚಿ ತಿರುಗಿ ಬೊಟ್ಟಿಗೆ ಸೇರಿಸಿದರು. ‘ಅಷ್ಟು ಕಮ್ಮಿ ಇಟ್ರೆ ಸಾವಿನ ಮನೆ ಥರ ಇರತ್ತೆ. ಶುಭಕಾರ್ಯ ಇದು’ ಎಂದರು. ನನಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ಇಳಿಸಿದೆ, ಇನ್ನೊಮ್ಮೆ ಏರಿಸಿದರು. ಅಷ್ಟರಲ್ಲಿ ಅಮ್ಮ ಕೂತಲ್ಲಿಂದಲೇ, ‘ಏನೇ ಇದು, ಅಳಿಯಂದಿರ ಕೈ ಮೇಲೆ ಕೈ ಹಾಕ್ತೀಯಲ್ಲ’ ಎಂದು ನನ್ನನ್ನೇ ಗದರಿದಳು. ನಮ್ಮ ಮನೆಯಲ್ಲಿ ಅಳಿಯನ ಮಾತಿಗೆ ಎದುರಿಲ್ಲ. ಅಳಿಯ ಸಾರಿಗೆ ಸಕ್ಕರೆ ಹಾಕು ಎಂದರೂ ಅಮ್ಮ ಹಾಕಿಯಾಳು.

ಆಮೇಲೆ ರಾಹುಕಾಲ ನೆನಪಾಯಿತು ಅವರಿಗೆ. ಅದು ಕಳೆಯುವವರೆಗೆ ಟೇಪ್ ಮುಟ್ಟಕೂಡದು ಎಂದು ಹೇಳಿ ಅಮ್ಮನನ್ನೂ ಕರೆದುಕೊಂಡು ನಡುಮನೆಗೆ ಹೋದರು. ಅಕ್ಕ ಕಾಪಿ ಕೊಟ್ಟಳು. ಡಬರಾದಿಂದ ಲೋಟಕ್ಕೆ, ಲೋಟದಿಂದ ಡಬರಾಕ್ಕೆ ಕಾಪಿ ಆರಿಸುತ್ತ, ತಮ್ಮ ಕನ್ವರ್ಟರಿನಂಥದ್ದು ಈ ಮದ್ರಾಸಿನಲ್ಲಿ ಯಾರ ಹತ್ತಿರವೂ ಇಲ್ಲ ಎಂದು ಅಮ್ಮನಿಗೆ ವಿವರಿಸುತ್ತಿದ್ದರು. ನಾನು ದೇವರ ಮನೆಗೆ ಹೋಗಿ ಚಿಟಿಕೆ ಕುಂಕುಮ ತಂದೆ. ಸೆರಗಿನ ತುದಿ ಒದ್ದೆ ಮಾಡಿ ಹಳೆಯ ಬೊಟ್ಟು ಒರೆಸಿ, ನನಗೆ ಬೇಕಾದ ಕಡೆ, ತೀರ ಕೆಳಗೆ, ಹೊಸ ಬೊಟ್ಟು ಇಟ್ಟೆ. ಅಂಚಿಗೆ ಒಂದಿಷ್ಟು ಗಂಧವನ್ನೂ ಹಚ್ಚಿದೆ, ಹಳೆಯದರಂತೆ ಕಾಣಲಿ ಎಂದು. ಪಾಪ ಬರುವುದಾದರೆ ಬರಲಿ ಎಂದುಕೊಂಡೆ.

ರಾಹುಕಾಲ ಕಳೆದ ಮೇಲೆ ಭಾವ ಬಂದರು, ಕೈಮುಗಿದರು, ನಾಬಿನ ಗೆರೆಯನ್ನು ಬೊಟ್ಟಿಗೆ ಸೇರಿಸಿ ತೃಪ್ತಿಯಿಂದ ನನ್ನ ಕಡೆ ನೋಡಿದರು. ಅದರ ಜಾಗ ಬದಲಾಗಿದ್ದು ಅವರಿಗೆ ತಿಳಿಯಲೇ ಇಲ್ಲ. ಮೆಷಿನ್ನಿನ ಮೇಲಿನ ಭಕ್ತಿ ಅಷ್ಟು, ಮೆಷಿನ್ನನ್ನು ನೋಡಿದ್ದು ಇಷ್ಟು.

ಟೇಪು ತಿರುಗಿತು. ಕಂದು ಪುಡಿ ಮಣೆಯ ಮೇಲೆ ಉದುರತೊಡಗಿತು. ಮೊದಲು ಬರೀ ಸರಸರ, ಆಮೇಲೆ ದೊಡ್ಡಮ್ಮ. ಅವಳು ದನಿ ಎತ್ತಿದಾಗ ನಾನು ದೀಪವನ್ನೇ ನೋಡಿದೆ, ಕೆಂಪು ಬರಲಿಲ್ಲ. ಅಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ತುಟಿ ಜೊತೆಜೊತೆಗೇ ಅಲ್ಲಾಡುತ್ತಿತ್ತು. ಒಂದೊಂದೇ ನುಡಿ ದಾಟಿ ಕೊನೆಯದು ಬಂತು. ದೊಡ್ಡಮ್ಮ ಅದನ್ನೂ ಎತ್ತಿಕೊಂಡಳು, ಹಾಡಿ ಮುಗಿಸಿದಳು. ಟೇಪಿನ ಬಾಲ ಕಳಚಿಕೊಂಡು ಚಟಚಟ ಹೊಡೆಯತೊಡಗಿತು. ನನಗೆ ಕಣ್ಣು ತುಂಬಿತ್ತು.

ಅಮ್ಮ ಮೂಗು ಮುರಿದಳು.

‘ಇವಳ ತಲೆ. ಎರಡನೇ ನುಡೀನೇ ತಿರುಗಿಸಿ ಹಾಡಿದ್ದಾಳೆ. ಕೊನೇದು ಇವಳಿಗೆ ಎಂದಾದರೂ ಬಂದಿತ್ತಾ? ಗಂಟಲು ಒಂದಿತ್ತು, ಅಷ್ಟೇ. ನಮ್ಮಮ್ಮ ಎಷ್ಟು ಸಲ ಹೇಳಿಕೊಟ್ಟಳು ಇವಳಿಗೆ.’

ಇದ್ದ ಒಂದು ಟೇಪೂ ಹೋಯಿತು ಎಂದುಕೊಂಡೆ. ಆದರೆ ಅಮ್ಮನ ಮುಖ ಬೇರೆಯೇ ಆಗಿತ್ತು. ಅಕ್ಕನ ತಪ್ಪು ಹಿಡಿದ ತಂಗಿಯ ಮುಖ ಅದು, ಕಣ್ಣು ಹೊಳೆಯುತ್ತಿತ್ತು. ಎಷ್ಟೋ ತಿಂಗಳಿಂದ ಅವಳನ್ನು ಅಷ್ಟು ಚುರುಕಾಗಿ ನಾನು ನೋಡಿರಲಿಲ್ಲ. ‘ಅದು ಹಾಗಲ್ಲ ಕಣೆ, ಹೀಗೆ’ ಎಂದು ಗಂಟಲು ಸರಿಮಾಡಿಕೊಂಡು ಎತ್ತಿಕೊಂಡಳು. ಹೊಸ ಸಾಲು. ನಾನು ಹುಟ್ಟಿದಾಗಿನಿಂದ ಎಲ್ಲೋ ಕೇಳಿ ಮರೆತಿದ್ದ ಸಾಲು.

ಡಬ್ಬಿಂಗ್ ಥಿಯೇಟರಿನಲ್ಲಿ ನಾವು ಒಂದು ತಪ್ಪು ಮಾತ್ರ ಎಂದೂ ಮಾಡುವುದಿಲ್ಲ. ದನಿ ಬಂದವರನ್ನು ತಡೆಯುವುದಿಲ್ಲ. ಲೆವೆಲ್ಲು ಕೆಟ್ಟಿರಲಿ, ಕುರ್ಚಿ ಕಿರುಗುಟ್ಟಲಿ, ಬಾಯಿ ಮುಚ್ಚಿಕೊಂಡು ಕೂರುತ್ತೇವೆ. ಮೊಬೈಲ್ ಡಬ್ಬದಲ್ಲಿದೆ, ಕಿವಿಯಲ್ಲಾದರೂ ಹಿಡಿಯೋಣವೆಂದು ನಾನು ಕಲ್ಲಿನಂತೆ ಕೂತೆ.

ಭಾವ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ‘ಅತ್ತೆ, ನಿಲ್ಸಿ, ನಿಲ್ಸಿ. ಮೈಕ್ ಹಾಕ್ಬೇಕು. ಲೆವೆಲ್ ನೋಡ್ಬೇಕು.’

ಅಳಿಯ ಹೇಳಿದ್ದಲ್ಲವೇ, ಅಮ್ಮ ಅರ್ಧ ಸಾಲಿಗೆ ಟಕ್ಕೆಂದು ನಿಲ್ಲಿಸಿದಳು.

‘ಅಮ್ಮ, ನೀನು ಹಾಡು. ಅವರು ಹೇಳಿದ್ದು ಬಿಡು, ಹಾಡ್ತಾ ಇರು’ ಎಂದು ನಾನು ಬಾಯಿ ಬಡಿದುಕೊಂಡೆ.

‘ಇರೇ, ಅಳಿಯಂದಿರು ಹೇಳ್ತಿದಾರಲ್ಲ’ ಎಂದಳು. ಕೈಕಟ್ಟಿ ಸ್ಕೂಲು ಮಗುವಿನ ಹಾಗೆ ಕಾದು ಕೂತಳು. ಭಾವ ಮರದ ಪೆಟ್ಟಿಗೆಯಿಂದ ಮೈಕ್ ತೆಗೆದರು, ಅದರ ಧೂಳು ಒರೆಸಿದರು, ಸ್ಟ್ಯಾಂಡ್ ಹುಡುಕಿದರು. ವೈರನ್ನು ತಪ್ಪು ತೂತಿಗೆ ಹಾಕಿದರು. ಅವರ ಕೈಯಿಂದ ಕಿತ್ತುಕೊಂಡು ಸರಿಯಾದದ್ದಕ್ಕೆ ನಾನು ಹಾಕಿದೆ. ನಾಬ್ ಮುಟ್ಟಲು ಹೋದರೆ ಅಡ್ಡ ಬಂದರು, ಗೆರೆಯನ್ನು ಬೊಟ್ಟಿಗೆ ಸೇರಿಸಿದರು, ಪೂರ್ವಕ್ಕೆ ತಿರುಗಿ ಕೈಮುಗಿದರು. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ ಎಳೆಸಿದರು. ನಾನು ಅಮ್ಮನ ಕಣ್ಣನ್ನೇ ನೋಡುತ್ತಿದ್ದೆ. ಆ ಹೊಳಪು ಇಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

‘ಹೂಂ, ಈಗ ಹೇಳಿ ಅತ್ತೆ’ ಎಂದು ರೆಕಾರ್ಡ್ ಒತ್ತಿದರು.

ಅಮ್ಮ ಮೈಕನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಯಾರಿಗೂ ತೊಂದರೆಯಾಗಬಾರದು ಎಂಬಂತೆ ಸಣ್ಣ ದನಿಯಲ್ಲಿ ಕೇಳಿದಳು: ‘ಯಾವ ಹಾಡು?’

ನಾನು ಆ ಅರ್ಧ ಸಾಲನ್ನು ಹೇಳಿದೆ. ಮತ್ತೆ ಹೇಳಿದೆ. ಚೆನ್ನಾಗಿದೆ, ಯಾರು ಕಟ್ಟಿದ್ದು ಎಂದು ಅಮ್ಮ ಕೇಳಿದಳು.

ಮದುವೆಯಲ್ಲಿ ಹೆಣ್ಣನ್ನು ಹಸೆಗೆ ನಾದಸ್ವರದವರು ಕರೆದರು. ಅಮ್ಮ ಮುಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಆ ದಿನದ ರೆಕಾರ್ಡಿಂಗನ್ನು ಭಾವ ಈಗಲೂ ಇಟ್ಟುಕೊಂಡಿದ್ದಾರೆ. ಸ್ಟುಡಿಯೋ ನೋಡಲು ಯಾರಾದರೂ ಬಂದರೆ ಅಮ್ಮನ ಆ ಎರಡು ಮಾತನ್ನೇ ಹಾಕಿ ಕೇಳಿಸುತ್ತಾರೆ. ಯಾವ ಹಾಡು, ಯಾವ ಹಾಡು ಎಂದು ಸ್ಪೀಕರಿನಲ್ಲಿ ಅಮ್ಮ ಕೇಳುತ್ತಾಳೆ. ‘ಕ್ಲಾರಿಟಿ ನೋಡಿ’ ಎನ್ನುತ್ತಾರೆ ಭಾವ.