ಶೇಂಗಾ ಸಿಪ್ಪೆ ಮತ್ತು ಪಾಲಯ್ಯನ ಅನುಮಾನ

ನಮ್ಮ ಕಾಲೇಜಿನ ಅಟೆಂಡರ್ ಪಾಲಯ್ಯ ಯಾರನ್ನೂ ನಂಬುವ ಆಸಾಮಿಯಲ್ಲ. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ. ಪ್ರಿನ್ಸಿಪಾಲರು ನಕ್ಕು ಮಾತಾಡಿಸಿದರೆ "ಏನೋ ಐತೆ" ಎನ್ನುತ್ತಾನೆ, ಬೈದರೂ "ಏನೋ ಐತೆ" ಎನ್ನುತ್ತಾನೆ. ನಾನು ಆಶಾರಾಣಿ, ಇದೇ ಹಿರಿಯೂರಿನ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತೆ. ಈ ಹದಿನಾಲ್ಕು ವರ್ಷದಲ್ಲಿ ನನ್ನ ಟಿಫಿನ್ ಡಬ್ಬಿಯಲ್ಲಿ ಏನಿದೆ ಎಂದು ಇವನು ವಿಚಾರಿಸದ ದಿನವಿಲ್ಲ. ತಿನ್ನುವ ಆಸೆಗಲ್ಲ, ಸುಮ್ಮನೆ ತನಿಖೆಗೆ.

ಶ್ರೀರಾಂಪುರದ ಕಡೆ ಕುರಿ ಸಾಕುವವರ ಹಟ್ಟಿಯಲ್ಲಿ ಹುಟ್ಟಿದವನು. ಸಣ್ಣವನಿದ್ದಾಗ ಸಂಜೆ ಮಂದೆಯಲ್ಲಿ ಒಂದು ಮರಿ ಕಮ್ಮಿಯಾದರೆ ತೋಳವೋ ಕಳ್ಳನೋ ಎಂದು ಊಟ ಬಿಟ್ಟು ಹುಡುಕುತ್ತಿದ್ದನಂತೆ. ಆ ಚಾಳಿ ಇವತ್ತಿಗೂ ಹೋಗಿಲ್ಲ.

ಹೋದ ಜುಲೈನಲ್ಲಿ ನಮ್ಮಲ್ಲಿಗೆ ದಾಕ್ಷಾಯಿಣಿ ಮೇಡಂ ಬಂದರು. ವಿದ್ಯಾರ್ಥಿಗಳಿಗೆ ಆಪ್ತಸಮಾಲೋಚಕಿ. ತುರುವನೂರಿನ ರೈತರ ಮನೆ ಮಗಳು, ಮಂಗಳವಾರ ಮತ್ತು ಶುಕ್ರವಾರ ಚಿತ್ರದುರ್ಗದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು. ಆಟದ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ ಅವರಿಗೆ ಕೊಟ್ಟರು.

"ಬರೇ ಮಾತಾಡಾಕೆ ಸಂಬಳನಾ ಮೇಡಂ?" ಎಂದು ಪಾಲಯ್ಯ ನನ್ನನ್ನು ಕೇಳಿದ. "ಹಂಗಾದ್ರೆ ನಮ್ಮತ್ತಿಗೆಗೆ ಸರ್ಕಾರ ಬಂಗ್ಲೆ ಕಟ್ಟಿಸ್ಕೊಡಬೇಕಾಗ್ತೈತೆ."

ನಾನೇನು ಸಾಚಾ ಅಲ್ಲ. ಬಾಗಿಲು ಮುಚ್ಚಿಕೊಂಡು ಹುಡುಗಿಯರ ಹತ್ತಿರ ಅದೇನು ಮಾತು, ಲವ್ವಿನ ವಿಚಾರವೇ ಇರಬೇಕು ಎಂದು ನನ್ನಷ್ಟಕ್ಕೆ ನಾನೂ ತೀರ್ಮಾನ ಮಾಡಿದ್ದೆ.

ಎರಡನೇ ವಾರ ಪಾಲಯ್ಯ ಆ ಕೋಣೆಯ ಕಸದ ಬುಟ್ಟಿಯನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದ. ಬುಟ್ಟಿ ತುಂಬ ಶೇಂಗಾ ಸಿಪ್ಪೆ.

"ನೋಡ್ರಿ. ಇದು ಬಾಯಿಚಪಲಕ್ಕೆ ತಿಂದಿದ್ದಲ್ಲ. ಒಂದೊಂದು ಸಿಪ್ಪೆನೂ ಎರಡು ಹೋಳಾಗೈತೆ. ಬಿತ್ತನೆ ಬೀಜ ಬಿಡಿಸೋರ ಕೈಕೆಲಸ ಇದು. ಕಿಟಕೀಲಿ ನಾನೇ ಇಣುಕಿ ನೋಡಿದೀನಿ. ಮೊರದ ತುಂಬ ಶೇಂಗಾ ಹಾಕ್ಕಂಡು ಹುಡುಗ್ರ ಕೈಲಿ ಬಿಡಿಸ್ತಾ ಕುಂತಿದ್ಲು ಈಯಮ್ಮ. ಹೊಲದಾಗೆ ಕೂಲಿಯೋರು ಸಿಗಲ್ಲ ಅಂತ ನಮ್ಮ ಮಕ್ಳನ್ನ ದುಡಿಸ್ಕಂತಾವ್ಳೆ!"

ನನಗೂ ಹೌದೆನ್ನಿಸಿತು. ಬಿತ್ತನೆ ಕಾಲ ಬೇರೆ. ಪಾಲಯ್ಯ ಹೇಳುತ್ತಾ ಹೋದ, ನಾನು ದೂರು ಟೈಪ್ ಮಾಡಿದೆ. ಎರಡು ಪುಟವಾಯಿತು.

ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. ಆಕೆ ಹೆದರಲಿಲ್ಲ, ಬೇಜಾರು ಮಾಡಿಕೊಂಡರು ಅಷ್ಟೆ. "ಸರ್, ನಮ್ಮ ಕಡೆ ಹೆಂಗಸ್ರು ಮನಸ್ಸಿನ ಮಾತು ಆಡೋದೇ ಬೀಜ ಬಿಡಿಸ್ತಾ ಕುಂತಾಗ. ಕೈಗೊಂದು ಕೆಲಸ ಇದ್ರೆ ಮುಖ ನೋಡೋ ಸಂಕಟ ಇರಲ್ಲ. ಎದುರಿಗೆ ಕುಂಡ್ರಿಸ್ಕಂಡು 'ನಿನ್ನ ಕಷ್ಟ ಹೇಳಪ್ಪ' ಅಂದ್ರೆ ಯಾವ ಹುಡುಗ ಬಾಯಿ ಬಿಡ್ತಾನೆ? ಬಿಡಿಸಿದ ಬೀಜ ಅವರೇ ತಿಂತಾರೆ."

"ಕಳ್ರು ಯಾವಾಗ್ಲೂ ಹಿಂಗೇ ಹೇಳೋದು" ಎಂದು ಪಾಲಯ್ಯ ಬಾಗಿಲ ಹೊರಗೆ ನಿಂತು ಗೊಣಗಿದ.

ಪ್ರಿನ್ಸಿಪಾಲರಿಗೆ ರಗಳೆ ಬೇಡವಾಗಿತ್ತು. ಶೇಂಗಾ ಬಂದ್. ಕೋಣೆಯ ಬಾಗಿಲು ತೆರೆದೇ ಇರಬೇಕು. ಒಳಗೆ ಹೋಗುವವರು ಪಾಲಯ್ಯನ ಹತ್ತಿರ ಇರುವ ರಿಜಿಸ್ಟರಿನಲ್ಲಿ ಹೆಸರು, ಬಂದ ಕಾರಣ ಬರೆಯಬೇಕು. ಉಳಿದಿದ್ದ ಶೇಂಗಾ ಚೀಲವನ್ನು ಪಾಲಯ್ಯ ಸಾಕ್ಷಿ ಎಂದು ಬಾಯಿ ಕಟ್ಟಿ, ತಾರೀಕು ಬರೆದ ಚೀಟಿ ಅಂಟಿಸಿ ತನ್ನ ಬೀರುವಿನಲ್ಲಿಟ್ಟ.

ಅಲ್ಲಿಗೆ ಮುಗಿಯಿತು. ಕಾರಣ ಎಂಬ ಕಾಲಮ್ಮಿನಲ್ಲಿ ಯಾವ ಮಗು ತಾನೆ 'ಅಳು ಬರುತ್ತದೆ' ಎಂದು ಬರೆದೀತು? ಎರಡು ವಾರದಲ್ಲಿ ಒಬ್ಬನೇ ಒಬ್ಬ ಬಂದು 'ನೀರು ಕುಡಿಯಲು' ಎಂದು ಬರೆದು, ನೀರು ಕುಡಿದು ಹೋದ.

ಆ ಶುಕ್ರವಾರ ಹೊರಡುವ ಮುಂಚೆ ದಾಕ್ಷಾಯಿಣಿ ಮೇಡಂ ನನ್ನ ಹತ್ತಿರ ಬಂದರು. "ಆಶಾ ಮೇಡಂ, ಒಂದು ಹುಡುಗಿ ತಪ್ಪದೆ ಬರ್ತಿದ್ಲು. ಹೆಸರು ಹೇಳಲ್ಲ. ಈಗ ಬರ್ತಿಲ್ಲ, ಫೋನೂ ಎತ್ತಲ್ಲ. ಅವಳ ಜೀವದ ಬಗ್ಗೆನೇ ನಂಗೆ ಭಯ ಐತೆ. ಕಣ್ಣಿಡ್ರಿ ಅಂತ ವಾರ್ಡನ್‌ಗೂ ಹೇಳಿದೀನಿ. ನಾನಿಲ್ಲದ ದಿನ ಯಾರಾದ್ರೂ ನನ್ನ ಬಾಗಿಲಿಗೆ ಬಂದು ನಿಂತ್ರೆ ಒಬ್ಬಳನ್ನೇ ಬಿಡಬೇಡ್ರಿ, ತಕ್ಷಣ ಫೋನ್ ಮಾಡ್ರಿ."

ದೂರು ಟೈಪ್ ಮಾಡಿದ ಕೈ ನನ್ನದೇ. ಪಾಲಯ್ಯನಿಗೆ ಹೇಳಿದೆ. "ನಾಟಕ" ಎಂದ. ಆದರೆ ಅವತ್ತು ನನ್ನ ಡಬ್ಬಿಯನ್ನು ವಿಚಾರಿಸಲಿಲ್ಲ.

ಮುಂದಿನ ಬುಧವಾರ, ಬೆಳಿಗ್ಗೆ ಹನ್ನೊಂದಿರಬಹುದು. ಎರಡನೇ ವರ್ಷದ ಬಿಎಸ್ಸಿ ಹುಡುಗಿ ಯಶೋದಾ ಬಂದಳು. ಹರಿಯಬ್ಬೆ ಹತ್ತಿರದ ಹಟ್ಟಿಯವಳು, ಹಾಸ್ಟೆಲ್‌ನಲ್ಲಿದ್ದಳು. ಮೇಡಂ ಬಾರದ ದಿನ, ಕೋಣೆಗೆ ಬೀಗ. ಆ ಬೀಗವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕದ ಸ್ಟೂಲಿನಲ್ಲಿದ್ದ ಪಾಲಯ್ಯನ ಮುಂದೆ ಮಡಿಸಿದ ಕರಿ ಕಂಬಳಿಯೊಂದನ್ನು ಹಿಡಿದಳು.

"ಅಣ್ಣ, ಇದು ನೀವಿಟ್ಕಳ್ರಿ. ನೀವೂ ಕುರಿಯೋರು, ಜೋಪಾನ ಮಾಡ್ತೀರ. ನಂಗೆ ಇನ್ನು ಬೇಕಾಗಲ್ಲ."

ಪಾಲಯ್ಯ ಕೈ ಚಾಚಲಿಲ್ಲ. "ಎಲ್ಲಿಂದ ತಂದೆ?"

"ನಮ್ಮಜ್ಜಿ ನೂತ ಉಣ್ಣೇದು."

"ಹೋದ ವಾರ ಕೈಗೆ ವಾಚಿತ್ತು. ಎಲ್ಲಿ?"

"ರೂಮಿನೋಳಿಗೆ ಕೊಟ್ಟೆ."

"ಆ ಲೆಕ್ಕದ ಮಿಷನ್ನು?"

"ಕ್ಲಾಸಿನ ಬಿಂದುಗೆ ಕೊಟ್ಟೆ."

ಥೂ, ಪಾಪದ ಮಗುವಿಗೆ ಇದೇನು ಪೊಲೀಸ್ ವಿಚಾರಣೆ ಎಂದು ನಾನು ಬೈಯಲು ಎದ್ದೆ. ಅಷ್ಟರಲ್ಲಿ ಪಾಲಯ್ಯನೇ ಎದ್ದು ನಿಂತ.

"ನೋಡವ್ವ, ನಮ್ಮ ಹಟ್ಟೀಲಿ ಉಪಾಸ ಬಿದ್ರೂ ಕಂಬಳಿ ಕೊಡಲ್ಲ. ಸತ್ತೋರ ಕಂಬಳಿ ಮಾತ್ರ ಇನ್ನೊಬ್ರ ಕೈಗೆ ಹೋಗೋದು. ನಿಜ ಹೇಳು. ಸಾಯಾಕೆ ಹೊಂಟಿದೀಯಾ?"

ಹೀಗೂ ಕೇಳುತ್ತಾರೆಯೇ? ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ? ಯಶೋದಾ ಹೌದೆಂದು ತಲೆಯಾಡಿಸಿದಳು, ಗೋಡೆಗೆ ಒರಗಿ ಹಾಗೇ ಕುಸಿದು ಕೂತು ಅತ್ತಳು. ಎಷ್ಟು ದಿನದಿಂದ ತಡೆದಿಟ್ಟಿದ್ದಳೋ.

ಪಾಲಯ್ಯ "ಏನ್ ನೋಡ್ತೀರ ಮೇಡಂ, ಫೋನ್ ಮಾಡ್ರಿ!" ಎಂದು ನನ್ನ ಮೇಲೆ ರೇಗಿದ.

ಮಾಡಿ, ಪಾಲಯ್ಯ ಕೇಳಿದ್ದನ್ನೂ ಹೇಳಿದೆ. "ಹೊರಟೆ" ಎಂದರು ದಾಕ್ಷಾಯಿಣಿ ಮೇಡಂ. "ಅವಳ ಪಕ್ಕದಿಂದ ಏಳಬೇಡ್ರಿ. ಬುದ್ಧಿ ಹೇಳಬೇಡ್ರಿ. ಅವಳು ಹೇಳಿದ್ದನ್ನ ಕೇಳ್ರಿ, ಸಾಕು. ನೇರವಾಗಿ ಕೇಳಿದ್ದರಿಂದ ಏನೂ ಕೆಟ್ಟಿಲ್ಲ. ಹಂಗೇ ಕೇಳಬೇಕು."

ಪಾಲಯ್ಯ ಕೋಣೆಯ ಬೀಗ ತೆಗೆದ. ಅವಳನ್ನು ಒಳಗೆ ಕೂರಿಸಿ, ನನ್ನನ್ನು ಅವಳ ಪಕ್ಕದಲ್ಲಿ ಬಿಟ್ಟು, ಬೀರುವಿನಿಂದ ಆ ಸಾಕ್ಷಿ ಚೀಲವನ್ನು ಹೊತ್ತು ತಂದ. ಚೀಟಿಯನ್ನು ಪರ್ರನೆ ಕಿತ್ತ, ಶೇಂಗಾವನ್ನು ಮೂಲೆಯಲ್ಲಿದ್ದ ಮೊರಕ್ಕೆ ಸುರಿದ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಿಡಿಸತೊಡಗಿದ. ನಾನೂ ಕೈ ಹಾಕಿದೆ. ಬಹಳ ಹೊತ್ತಿನ ಮೇಲೆ ಯಶೋದಾಳ ಕೈಯೂ ಮೊರಕ್ಕೆ ಬಂತು.

"ಮೂರು ಪೇಪರ್ ಹೋಗವೆ ಅಣ್ಣ" ಎಂದಳು, ತಲೆ ಎತ್ತದೆ. "ಮನೇಲಿ ಪಾಸಾದೆ ಅಂದುಬಿಟ್ಟೆ. ಅವ್ವ ಹಟ್ಟಿಗೆಲ್ಲ ಸಕ್ಕರೆ ಹಂಚ್ಯಾಳೆ. ರಾತ್ರಿ ನಿದ್ದೆನೇ ಬರಲ್ಲ. ಯಾವ ಮುಖ ಇಟ್ಕಂಡು ಹೋಗ್ಲಿ?"

ಪಾಲಯ್ಯನಿಗೆ ಬುದ್ಧಿ ಹೇಳುವುದೆಂದರೆ ಪ್ರಾಣ. ಬಾಯಿ ತೆರೆದ. ನಾನು ಕಣ್ಣಲ್ಲೇ ಗದರಿದೆ. ಒಂದು ಹಿಡಿ ಶೇಂಗಾ ತೆಗೆದು ತನ್ನ ಬಾಯಿಗೇ ತುಂಬಿಕೊಂಡ. ಎರಡು ಗಂಟೆಯ ಕಾಲ ಹೀಗೆ ಮಾತು ಬಂದಾಗಲೆಲ್ಲ ಶೇಂಗಾ ಜಗಿಯುತ್ತಾ ಕೂತಿದ್ದ, ಪುಣ್ಯಾತ್ಮ.

ಮೇಡಂ ಬಂದವರೇ ಏನೂ ಕೇಳದೆ ನಮ್ಮ ನಡುವೆ ಕೂತು ಒಂದು ಹಿಡಿ ಶೇಂಗಾ ತೆಗೆದುಕೊಂಡರು. ಸಂಜೆ ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವ್ವ ನಾಗಕ್ಕ ಹಟ್ಟಿಯಿಂದ ಓಡಿಬಂದಳು. "ಸಕ್ಕರೆ ಹೋದ್ರೆ ಹೋಯ್ತು, ನೀನಿರು ನನ್ನವ್ವ" ಎಂದು ಮಗಳನ್ನು ತಬ್ಬಿಕೊಂಡು ಅತ್ತಳು.

ದೂರನ್ನು ವಾಪಸು ಪಡೆಯುವ ಅರ್ಜಿಯನ್ನು ನಾನೇ ಟೈಪ್ ಮಾಡಿದೆ, ಪಾಲಯ್ಯ ಸಹಿ ಹಾಕಿದ. ಬಾಗಿಲು ಮತ್ತೆ ಮುಚ್ಚಿತು, ಮೊರ ಮತ್ತೆ ಬಂತು, ರಿಜಿಸ್ಟರಿನ ಖಾಲಿ ಹಾಳೆಗಳು ನನ್ನ ಕಚ್ಚಾ ಬರವಣಿಗೆಗಾದವು.

ಒಂದು ತಿಂಗಳ ಮೇಲೆ ಯಶೋದಾ ತಿರುಗಿ ಬಂದಳು. ಮಾತ್ರೆಯೂ ಇತ್ತು, ಮಂಗಳವಾರ ಶುಕ್ರವಾರದ ಶೇಂಗಾವೂ ಇತ್ತು. ಮೊದಲ ದಿನವೇ ಪಾಲಯ್ಯ ಬಾಗಿಲಿಗೆ ಅಡ್ಡ ನಿಂತ.

"ಕಂಬಳಿ ಎಲ್ಲೈತೆ?"

"ಹಾಸ್ಟೆಲ್ನಾಗೈತೆ ಅಣ್ಣ."

"ನಾನು ನಂಬಲ್ಲ. ತಂದು ತೋರ್ಸು."

ಅವತ್ತಿನಿಂದ ಆ ಹುಡುಗಿ ವಾರಕ್ಕೆರಡು ದಿನ ಬ್ಯಾಗಿನಲ್ಲಿ ಕಂಬಳಿ ಹೊತ್ತು ಬರುತ್ತಾಳೆ. ಇವನು ಬಿಚ್ಚಿ, ಅಂಚು ಮುಟ್ಟಿ, ಅದೇ ಹೌದೋ ಅಲ್ಲವೋ ಎಂದು ನೋಡಿ "ಹೂಂ, ಹೋಗು" ಎನ್ನುತ್ತಾನೆ. ಏಪ್ರಿಲ್ ಬಂತು, ಹಿರಿಯೂರು ಕಾದ ಹೆಂಚಾಯಿತು. ಮೊನ್ನೆ ಅವಳು ಬೆವರು ಒರೆಸಿಕೊಳ್ಳುತ್ತಾ ನಕ್ಕು ಕೇಳಿದಳು, "ಅಣ್ಣ, ಹೋಗಿದ್ದ ಪೇಪರಲ್ಲಿ ಎರಡು ಪಾಸಾಗವೆ. ಚೆನ್ನಾಗಿದೀನಿ. ಇನ್ನಾದ್ರೂ ನಂಬ್ರಿ."

ಪಾಲಯ್ಯ ಕಂಬಳಿಯನ್ನು ಮಡಿಸಿ ಅವಳ ಕೈಗಿಟ್ಟ.

"ಶುಕ್ರವಾರನೂ ತಗಂಬಾ" ಎಂದ.