ಬಸಿದಿಟ್ಟ ನೀರು

ಶಕುನ, ಸೂಚನೆ, ಗಾಳಿಸೋಕು ಎಂಬ ಮಾತು ಬಂದರೆ ಎದ್ದು ಹೋಗುವ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಸುಮ್ಮನೆ ಎದ್ದು ಹೋಗುತ್ತಿರಲಿಲ್ಲ, ಹೋಗುವ ಮುಂಚೆ ಒಂದು ಕುಟುಕು ಮಾತು ಆಡಿಯೇ ಹೋಗುತ್ತಿದ್ದೆ. ನಂಜನಗೂಡಿನ ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಅದೇ ಒಪ್ಪುತ್ತದೆ ಎಂದುಕೊಂಡಿದ್ದೆ. ಆದ್ದರಿಂದ ಇದನ್ನು ಓದುತ್ತ ನೀವು ನಡುವೆ ಎದ್ದು ಹೋದರೆ ನನಗೆ ಬೇಸರವಿಲ್ಲ. ಇದರಲ್ಲಿ ಯಾವುದು ಡೈರಿಯಲ್ಲಿದೆ, ಯಾವುದು ಬರೀ ನೆನಪಿನಲ್ಲಿದೆ ಎಂಬುದನ್ನು ಬೇರೆ ಮಾಡಿ ಹೇಳಲು ಪ್ರಯತ್ನಿಸುತ್ತೇನೆ. ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಬೇಸಿಗೆ ರಜೆ. ತಿ. ನರಸೀಪುರದಲ್ಲಿ ನನ್ನ ಜಯಕ್ಕನ ಮನೆ. ಅವಳ ಗಂಡ ಶಿವಣ್ಣ ಭಾವ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಸೇರಿ ಅವರ ಮೂತ್ರಪಿಂಡಗಳನ್ನು ಅರ್ಧ ತಿಂದುಹಾಕಿದ್ದವು. ಮೈಸೂರಿನ ಡಾಕ್ಟರಿಗೆ ತೋರಿಸಲು ಅವರ ಜೊತೆ ಹೋದವನು ನಾನೇ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿದೆ, ಇನ್ನೂ ಏರಿದರೆ ಹೃದಯ ನಿಲ್ಲಬಹುದು ಎಂದು ಡಾಕ್ಟರು ಎಚ್ಚರಿಸಿದರು. ಎಳನೀರು ಬೇಡ, ಬಾಳೆಹಣ್ಣು ಬೇಡ, ಸೊಪ್ಪು ತರಕಾರಿಯನ್ನು ತುಂಬ ನೀರಿನಲ್ಲಿ ಬೇಯಿಸಿ ಬಸಿದು ಕೊಡಿ ಎಂದರು. ಅಕ್ಕನ ಮನೆಗೆ ಹೋಗುವಾಗಲೆಲ್ಲ ನಂಜನಗೂಡಿನ ರಸಬಾಳೆ ಹಿಡಿದು ಹೋಗುತ್ತಿದ್ದ ನಾನು ಆ ಸಲ ಬರಿಗೈಯಲ್ಲಿ ಹೋದೆ. ಒಂದು ವಾರ ಅಲ್ಲೇ ಇದ್ದು ಪಥ್ಯ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಅಕ್ಕ ಪಥ್ಯವನ್ನು ಚಾಚೂ ತಪ್ಪದೆ ನಡೆಸಿದಳು. ಬೆಳಿಗ್ಗೆ ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ ಬಸಿಯುವಳು. ಮಧ್ಯಾಹ್ನ ಭಾವನಿಗೆ ಅದರ ಪಲ್ಯ. ಬಸಿದ ನೀರನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಮುಚ್ಚಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುವಳು, ಸಂಜೆ ಮಸಾಲೆ ರುಬ್ಬಿ ಹಾಕಿ ಬಸ್ಸಾರು ಮಾಡಲು. ನಮ್ಮ ಕಡೆ ಸೊಪ್ಪು ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ, ಮುದ್ದೆಗೆ ಸಾರಾಗುವುದೇ ಅದು. ಚೆಲ್ಲಬೇಕು ಎಂದು ಡಾಕ್ಟರು ಬಿಡಿಸಿ ಹೇಳಲಿಲ್ಲ, ನಮಗೆ ಕೇಳಬೇಕೆಂದು ಹೊಳೆಯಲಿಲ್ಲ. ಎಂ.ಎ. ಓದಿದ ನನಗೂ ಹೊಳೆಯಲಿಲ್ಲ.

ಮೊದಲ ದಿನ ಮಧ್ಯಾಹ್ನ ಆ ಪಾತ್ರೆ ಉರುಳಿಬಿದ್ದಿತ್ತು. ಅಕ್ಕ ಬೆಕ್ಕನ್ನು ಬೈದಳು. ಎರಡನೆಯ ದಿನವೂ ಹಾಗೇ ಆಯಿತು. ಎರಡು ರಾತ್ರಿಯೂ ಭಾವ ಮುದ್ದೆಯನ್ನು ನೀರುಮಜ್ಜಿಗೆಯಲ್ಲಿ ಉಣ್ಣಬೇಕಾಯಿತು.

"ಬಸ್ಸಾರಿಲ್ದೆ ಮುದ್ದೆ ಗಂಟ್ಲಲ್ಲಿ ಇಳೀತದಾ ಮೇಷ್ಟ್ರೇ?" ಎಂದು ನನ್ನನ್ನು ಕೇಳಿದರು. ನನ್ನನ್ನು ಅವರು ಯಾವಾಗಲೂ ಹಾಗೆಯೇ ಕರೆಯುತ್ತಿದ್ದುದು. "ಡಾಕ್ಟ್ರು ಅರ್ಧ ಊಟ ಕಿತ್ಕೊಂಡ್ರು, ಮಿಕ್ಕಿದ್ದ ಬೆಕ್ಕು ಕಿತ್ಕೊಂಡ್ತು. ಇನ್ನು ನಿಮ್ಮಕ್ಕ ಏನ್ ಕಿತ್ಕೊಳ್ತಾಳೋ."

"ನಿಮ್ಮ ನಾಲ್ಗೆ ಕಿತ್ಕೊಂಡ್ರೆ ಮನೆ ತಣ್ಣಗಿರ್ತದೆ," ಅಂದಳು ಅಕ್ಕ.

ಮೂರನೆಯ ದಿನ ನಾನು ನಡುಮನೆಯಲ್ಲಿ ಕೂತು ಡೈರಿ ಬರೆಯುತ್ತಿದ್ದೆ. ಅಡುಗೆಮನೆಯ ಬಾಗಿಲು ನನ್ನ ಎದುರಿಗೇ ಇತ್ತು. ಒಳಗೆ ಬೇರೆ ಬಾಗಿಲಿಲ್ಲ, ಒಂದೇ ಕಿಟಕಿ, ಅದಕ್ಕೆ ತಂತಿಜಾಲರಿ. ಅಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಭಾವ ಅಂಗಡಿಯಲ್ಲಿದ್ದರು. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನಾಲ್ಕು ಹೆಜ್ಜೆಯಲ್ಲಿ ಒಳಗಿದ್ದೆ. ಪಾತ್ರೆ ಮಗುಚಿತ್ತು, ನೀರು ಹಸಿರು ಬಣ್ಣದಲ್ಲಿ ನೆಲದ ಮೇಲೆ ನನ್ನ ಕಾಲಿನ ಕಡೆಗೇ ಹರಿದು ಬರುತ್ತಿತ್ತು. ಮುಚ್ಚಳ ಮಾತ್ರ ಕಟ್ಟೆಯ ಮೇಲೆ, ಯಾರೋ ತೆಗೆದು ಪಕ್ಕಕ್ಕೆ ಇಟ್ಟ ಹಾಗೆ, ಅಂಗಾತ ಇತ್ತು. ಕಟ್ಟೆಯ ಕೆಳಗೆ, ಅಟ್ಟದ ಮೇಲೆ, ಮೂಟೆಗಳ ಹಿಂದೆ ಹುಡುಕಿದೆ. ಏನೂ ಇರಲಿಲ್ಲ. ಡೈರಿಯಲ್ಲಿ ಆ ದಿನ ನಾನು ಬರೆದಿರುವುದು ಇಷ್ಟು: ‘ಬೆಕ್ಕು. ಇಂದೂ.’

ನಾಲ್ಕನೆಯ ದಿನ ಇದಕ್ಕೊಂದು ಕೊನೆ ಕಾಣಿಸುತ್ತೇನೆಂದು ಚಟ್ನಿ ಅರೆಯುವ ಗುಂಡುಕಲ್ಲನ್ನು ತಂದು ಮುಚ್ಚಳದ ಮೇಲೆ ಇಟ್ಟೆ. ಊಟಕ್ಕೆ ಬಂದಿದ್ದ ಭಾವ ನೋಡಿ ನಕ್ಕರು. "ಕಲ್ಲು ಮಡಗ್ದವ್ರು ಮೇಷ್ಟ್ರು ಕಣೇ ಜಯಾ. ಇನ್ ಹುಲಿ ಬಂದ್ರೂ ವಾಪಸ್ಸೇಯ."

ಇನ್ನು ಹೇಳುವುದು ಡೈರಿಯಲ್ಲಿ ಇಲ್ಲ. ಭಾವ ಅಂಗಡಿಗೆ ಹೋದ ಮೇಲೆ, ಬಿಸಿಲು ಇನ್ನೂ ಜೋರಾಗಿದ್ದಾಗ, ಅಡುಗೆಮನೆಯಿಂದ ಒಂದು ಸಣ್ಣ ಸದ್ದು ಬರತೊಡಗಿತು. ಅನ್ನ ಕುದಿಯುವಾಗ ತಟ್ಟೆ ಅಲುಗುವ ಸದ್ದಿನ ಹಾಗೆ. ಟಕ್. ಆಮೇಲೆ ಏನೂ ಇಲ್ಲ. ಆಮೇಲೆ ಟಕ್ ಟಕ್. ಮತ್ತೆ ತುಂಬ ಹೊತ್ತು ಏನೂ ಇಲ್ಲ. ಒಳಗೆ ಹೋದೆ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು, ಪಾತ್ರೆ ಮುಟ್ಟಿದರೆ ತಣ್ಣಗಿತ್ತು. ಮುಚ್ಚಳದ ಮೇಲೆ ಕಲ್ಲು ಅಲುಗುತ್ತಿತ್ತು. ನಾನು ಅಂಗೈಯನ್ನು ಕಲ್ಲಿನ ಮೇಲಿಟ್ಟು ಒತ್ತಿದೆ. ಕೆಳಗಿನಿಂದ ಏನೋ ಅದನ್ನು ಎತ್ತಲು ನೋಡುತ್ತಿತ್ತು. ಜೋರಾಗಿ ಅಲ್ಲ, ಮುದುಕರು ಬಾಗಿಲು ತಳ್ಳುವ ಹಾಗೆ. ನಾನು ಇನ್ನೂ ಒತ್ತಿದೆ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತೆಂದು ನೆನಪು. ಸ್ವಲ್ಪ ಹೊತ್ತಿಗೆ ಅದು ನಿಂತುಹೋಯಿತು.

ಆ ಸಂಜೆ ಬಸ್ಸಾರಾಯಿತು. ಭಾವ ಎರಡು ಮುದ್ದೆ ಉಂಡು, ತಟ್ಟೆಯಲ್ಲಿ ಮಿಕ್ಕ ಸಾರನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದರು. ಕಾಸಿದಷ್ಟೂ ರುಚಿ ಎಂದು ಮಾರನೆಯ ದಿನ ಎರಡು ಹೊತ್ತೂ ಅದನ್ನೇ ಉಂಡರು. ಆ ದಿನವೂ ಅಕ್ಕ ನೀರು ಬಸಿದಿಟ್ಟು, ಮೇಲೆ ಕಲ್ಲಿಟ್ಟಳು. ಯಾವ ಸದ್ದೂ ಬರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಭಾವನಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. "ಕಾಲು ನನ್ನವಲ್ಲ ಅನ್ನಂಗದೆ ಮೇಷ್ಟ್ರೇ," ಎಂದರು. ಮುಖ ಬಿಳಿಚಿತ್ತು. ಆಟೋದಲ್ಲಿ ಹಾಕಿಕೊಂಡು ಊರೊಳಗಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿದ್ದವರು ವಯಸ್ಸಾದ ಡಾಕ್ಟರಮ್ಮ. ಇಸಿಜಿ ಕಾಗದದ ಮೇಲೆ ಗೆರೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದವು. ಅದನ್ನು ನೋಡುತ್ತಲೇ ಅವರು ನರ್ಸನ್ನು ಕೂಗಿ ಕ್ಯಾಲ್ಸಿಯಂ ತರಿಸಿದರು. ರಕ್ತದ ವರದಿಗೆ ಕಾಯಲಿಲ್ಲ. "ನೀವು ಆ ಕೈ ಅಲುಗದ ಹಾಗೆ ಹಿಡ್ಕೊಳ್ಳಿ," ಎಂದು ನನಗೆ ಹೇಳಿ, ಇನ್ನೊಂದು ಕೈಯ ರಕ್ತನಾಳಕ್ಕೆ ಸೂಜಿ ಹಾಕಿ ನಿಧಾನವಾಗಿ ಔಷಧಿ ಬಿಡತೊಡಗಿದರು.

ನಾನು ಹಿಡಿದಿದ್ದು ಮಣಿಕಟ್ಟನ್ನು. ನಾಡಿ ನನ್ನ ಅಂಗೈಗೆ ತಾಗುತ್ತಿತ್ತು. ಒಂದು ಬಡಿತ. ಆಮೇಲೆ ಏನೂ ಇಲ್ಲ. ಆಮೇಲೆ ಎರಡು. ಮತ್ತೆ ತುಂಬ ಹೊತ್ತು ಏನೂ ಇಲ್ಲ. ಎರಡು ದಿನದ ಹಿಂದೆ ಕಲ್ಲಿನ ಕೆಳಗಿನಿಂದ ನನ್ನ ಕೈಗೆ ತಾಗಿದ್ದು ಇದೇ ಲೆಕ್ಕದಲ್ಲಿ. ನನ್ನ ಕೈ ತಾನಾಗಿ ಸಡಿಲವಾಯಿತು. "ಹಿಡ್ಕೊಳ್ರೀ!" ಎಂದು ಡಾಕ್ಟರಮ್ಮ ಗದರಿದರು. ಐದು ನಿಮಿಷವೋ ಹತ್ತು ನಿಮಿಷವೋ, ಬಡಿತಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂತು. ಎರಡನೆಯ ಇಸಿಜಿಯಲ್ಲಿ ಗುಡಾರಗಳು ತಗ್ಗಿದ್ದವು.

"ಉಳ್ಕೊಂಡ್ರಾ?" ಎಂದು ಅಕ್ಕ ಕೇಳಿದಳು.

"ಈಗಲೇ ಹೇಳಕ್ಕಾಗಲ್ಲಮ್ಮ," ಎಂದರು ಅವರು. "ಹಾಲು ಉಕ್ಕಿ ಬಂದಾಗ ಮೇಲೆ ನೀರು ಚಿಮುಕಿಸ್ತೀವಲ್ಲ, ನಾನು ಈಗ ಮಾಡಿರೋದು ಅಷ್ಟೇ. ಪೊಟ್ಯಾಸಿಯಂ ಒಂದು ಚೂರೂ ಕಡಿಮೆಯಾಗಿಲ್ಲ. ಅದರ ಹೊಡೆತ ಹೃದಯಕ್ಕೆ ತಾಗದ ಹಾಗೆ ಕ್ಯಾಲ್ಸಿಯಂ ತಡೆದಿದೆ. ಆ ತಡೆ ನಿಲ್ಲೋದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ."

ಅಷ್ಟರೊಳಗೆ ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಟ್ಟರು. ಅದು ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದಂತೆ. ಉಬ್ಬಸದವರಿಗೆ ಕೊಡುವ ಔಷಧಿಯ ಆವಿಯನ್ನೂ ಮೂಗಿಗೆ ಹಿಡಿದರು. ಅದರ ಕೆಲಸವೂ ಅದೇ. ಆದರೆ ಒಳಗೆ ಹೋದದ್ದು ಕೆಲವು ಗಂಟೆಗಳಲ್ಲಿ ಮತ್ತೆ ಹೊರಗೆ ಬರುತ್ತದೆ. ಅಷ್ಟು ಹೊತ್ತಿಗೆ ಮೈಸೂರು ಸೇರಿ ಡಯಾಲಿಸಿಸ್ ಮಾಡಿಸಬೇಕು, ಮೈಯಿಂದ ಅದನ್ನು ನಿಜವಾಗಿ ಹೊರಗೆ ಹಾಕುವುದು ಅದೇ ಎಂದರು. ಆಂಬುಲೆನ್ಸಿಗೆ ಫೋನ್ ಮಾಡಿಸಿ ನಮ್ಮ ಕಡೆ ತಿರುಗಿದರು.

"ಏನು ಊಟ ಕೊಟ್ರಿ?"

"ಸೊಪ್ಪ ಬಸ್ದೇ ಕೊಟ್ಟಿವ್ನಿ ಕಣವ್ವ. ಒಂದಿನಾನೂ ತಪ್ಪಿಲ್ಲ."

"ಬಸಿದ ನೀರು ಏನು ಮಾಡಿದ್ರಿ?"

"ಬಸ್ಸಾರ್ ಮಾಡ್ದೆ."

ಡಾಕ್ಟರಮ್ಮ ಕೈಯಲ್ಲಿದ್ದ ಇಸಿಜಿ ಕಾಗದವನ್ನು ಮಡಿಚಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಬೇಯಿಸಿದಾಗ ಪೊಟ್ಯಾಸಿಯಂ ಮುಕ್ಕಾಲು ಪಾಲು ಆ ನೀರಿಗೆ ಇಳಿಯುತ್ತಮ್ಮ. ಅದನ್ನ ಚೆಲ್ಲಲಿ ಅಂತಲೇ ಬಸಿಯೋಕೆ ಹೇಳೋದು. ಅದೊಂದರಿಂದಲೇ ಹೀಗಾಯ್ತು ಅಂತ ಹೇಳಲಾರೆ, ಅವರ ಬಿಪಿ ಮಾತ್ರೆಯೂ ಸೇರಿರಬಹುದು. ಆದರೆ ಆ ನೀರು ಚೆಲ್ಲಬೇಕಿತ್ತು."

ಅಕ್ಕ ನನ್ನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ನಾನು ನೆಲ ನೋಡಿದೆ.

ಭಾವ ಉಳಿದರು. ವಾರಕ್ಕೆರಡು ಸಲ ಮೈಸೂರಿಗೆ ಡಯಾಲಿಸಿಸ್‌ಗೆ ಹೋಗುತ್ತ, ನಡುವೆ ಬಟ್ಟೆ ಹೊಲಿಯುತ್ತ, ಇನ್ನೂ ಆರು ವರ್ಷ ಇದ್ದರು. ಅಕ್ಕ ಅಂದಿನಿಂದ ಬಸಿದ ನೀರನ್ನು ಹಿತ್ತಿಲ ಬಚ್ಚಲಿಗೆ ಸುರಿದಳು. ಆ ಮನೆಯಲ್ಲಿ ಮತ್ತೆ ಯಾವ ಪಾತ್ರೆಯೂ ಉರುಳಲಿಲ್ಲ. ಅದನ್ನು ಉರುಳಿಸಿದ್ದು ತೀರಿಹೋದ ಹಿರಿಯರು ಯಾರಾದರೂ ಇರಬಹುದೇ ಎಂದು ನೀವು ಕೇಳಬಹುದು. ಆ ಬೇಸಿಗೆಯವರೆಗೆ ಆ ಮನೆಯಲ್ಲಿ ತೀರಿಕೊಂಡವರು ಭಾವನ ತಾಯಿಯೊಬ್ಬರೇ. ಅಕ್ಕಿ ತೊಳೆದ ನೀರನ್ನೂ ಚೆಲ್ಲಲು ಬಿಡದ ಹೆಂಗಸು ಅವರು.

ಭಾವ ಹೋದ ಮೇಲೆ ಒಂದು ದಿನ ಅಕ್ಕನನ್ನು ಕೇಳಿದೆ, ಆಗ ನಿಮ್ಮ ಮನೆಗೆ ಬರುತ್ತಿದ್ದ ಬೆಕ್ಕು ಯಾವ ಬಣ್ಣದ್ದು ಎಂದು.

"ಯಾವ್ ಬೆಕ್ಕಪ್ಪ? ನಾನೊಂದಿನಾನೂ ಕಣ್ಣಲ್ ಕಂಡಿಲ್ಲ," ಅಂದಳು. "ನೀನು ಕಂಡಿದ್ಯೇನೋ ಅಂದ್ಕಂಡಿದ್ದೆ."

ಕಲ್ಲನ್ನು ಒತ್ತಿ ಹಿಡಿದ ವಿಷಯವನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ತಪ್ಪಿನ ಭಾರಕ್ಕೆ ಮನಸ್ಸು ಆಮೇಲೆ ಕಟ್ಟಿಕೊಂಡ ಕತೆಯೂ ಅದಾಗಿರಬಹುದು. ನಾಡಿಯ ಬಡಿತ ಕೈಗೆ ತಾಗಿದ ಮೇಲೆ ಕಲ್ಲಿಗೂ ಅದೇ ಬಡಿತ ಕೊಟ್ಟೆನೋ ಏನೋ. ಸಂಶಯ ಬಂದಾಗಲೆಲ್ಲ ಹಳೆಯ ಡೈರಿ ತೆಗೆದು ನೋಡುತ್ತೇನೆ. ಮೊದಲ ಮೂರು ದಿನವೂ ‘ಬೆಕ್ಕು’ ಎಂದಿದೆ, ನನ್ನದೇ ಅಕ್ಷರ. ನಾಲ್ಕನೆಯ ದಿನದ್ದು ಎರಡೇ ವಾಕ್ಯ: ‘ಕಲ್ಲು ಇಟ್ಟೆ. ಸರಿಹೋಯಿತು.’ ಆ ಎರಡು ವಾಕ್ಯಗಳ ನಡುವೆ ನಾನು ಎಷ್ಟು ಹೊತ್ತು ಅಲ್ಲಿ ನಿಂತಿದ್ದೆ, ಏನನ್ನು ಒತ್ತಿ ಹಿಡಿದಿದ್ದೆ ಎಂದು ನನಗೆ ಈಗಲೂ ಹೇಳಲಾಗುವುದಿಲ್ಲ.